ಸೈಕೆಡೆಲಿಕ್ ಥೆರಪಿಗೆ ಹೋಗೋ ಮುಂಚೆ: ಯಾವುದು ಚಿಕಿತ್ಸೆ, ಯಾವುದು ಕೇಸು, ಮನೆಯಲ್ಲಿ ಕೇಳಬೇಕಾದ್ದೇನು?

ಇವತ್ತಿನ ಸಂಚಿಕೆ ಒಂದು ವಾಯ್ಸ್ ಮೆಸೇಜ್‌ಗೆ ಉತ್ತರ.

ಕಳಿಸಿದ್ದು ವಿಜಯನಗರದ ಒಬ್ಬ ಕೇಳುಗ. ಹೆಸರು ಬೇಡ. ಎರಡು ವರ್ಷದಿಂದ ಡಿಪ್ರೆಷನ್‌ಗೆ ಮಾತ್ರೆ ತಗೊಳ್ತಿದ್ದಾನೆ, ಪೂರ್ತಿ ಸರಿ ಹೋಗಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ವೀಕೆಂಡ್ ರಿಟ್ರೀಟ್‌ನ ಜಾಹೀರಾತು ನೋಡಿದ್ದಾನೆ. ಅಣಬೆ ಕೊಡ್ತಾರಂತೆ, ಧ್ಯಾನ ಮಾಡಿಸ್ತಾರಂತೆ, ಹತ್ತು ವರ್ಷದ ನೋವು ಒಂದೇ ರಾತ್ರಿಗೆ ಇಳಿದುಹೋಗುತ್ತಂತೆ. ಅವನು ಕೇಳಿದ್ದು ಇಷ್ಟು: "ಅಣ್ಣಾ, ಇದು ಲೀಗಲ್ಲಾ? ಬರೋ ಎರಡು ವಾರ ಮುಂಚೆ ಮಾತ್ರೆ ನಿಲ್ಲಿಸಿ ಅಂತಿದ್ದಾರೆ, ನಿಲ್ಲಿಸ್ಲಾ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಯಾಕಂದ್ರೆ ಅದು ಕಾಯೋ ವಿಷಯ ಅಲ್ಲ. ನಿಲ್ಲಿಸ್ಬೇಡ. ಖಿನ್ನತೆಯ ಮಾತ್ರೆಯನ್ನ ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆ ಇಲ್ಲದಿರೋದು, ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗೋದು, ಇವೆಲ್ಲ ಬರಬಹುದು. ಜೊತೆಗೆ ಹಳೇ ಖಿನ್ನತೆ ಇನ್ನೂ ಜೋರಾಗಿ ವಾಪಸ್ ಬರಬಹುದು. ಬಿಡೋದಾದ್ರೂ, ಕಡಿಮೆ ಮಾಡೋದಾದ್ರೂ, ಮಾತ್ರೆ ಬರೆದುಕೊಟ್ಟ ಡಾಕ್ಟರ್ ಜೊತೆ ಕೂತು ಮಾಡೋ ಕೆಲಸ ಅದು.

ರಿಟ್ರೀಟ್‌ನವರು ಹೇಳೋದ್ರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಅಪಾಯ. ಅಣಬೆಯಲ್ಲಿರೋ ಸೈಲೋಸಿಬಿನ್ ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತೆ. ಖಿನ್ನತೆಯ ಬಹಳಷ್ಟು ಮಾತ್ರೆಗಳು ಮುಟ್ಟೋದೂ ಅದೇ ವ್ಯವಸ್ಥೆಯನ್ನ. ಮಾತ್ರೆ ಮೇಲೆ ಇರೋರಿಗೆ ಅಣಬೆಯ ಪರಿಣಾಮ ಮಂಕಾಗಬಹುದು. ವಿದೇಶದ ಟ್ರಯಲ್‌ಗಳಲ್ಲೂ ಮಾತ್ರೆ ಬಿಡಿಸಿದ್ದುಂಟು. ಆದರೆ ಅಲ್ಲಿ ವೈದ್ಯರು ನಿಧಾನವಾಗಿ ಡೋಸ್ ಇಳಿಸಿ, ಪ್ರತಿ ಹಂತದಲ್ಲೂ ರೋಗಿಯನ್ನ ನೋಡ್ತಾ ಇರ್ತಾರೆ. ಇಲ್ಲಿ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬರುತ್ತೆ, ಅಷ್ಟೇ.

ಈಗ ಲೀಗಲ್ಲಾ ಅನ್ನೋ ಪ್ರಶ್ನೆ.

ಸೈಕೆಡೆಲಿಕ್ ಥೆರಪಿ ಅಂದ್ರೆ ಎರಡು ಭಾಗ: ಮನಸ್ಸಿನ ಗ್ರಹಿಕೆಯನ್ನೇ ಕೆಲವು ಗಂಟೆ ಬದಲಾಯಿಸೋ ಒಂದು ಔಷಧ, ಅದರ ಮುಂಚೆ, ಜೊತೆಗೆ ಮತ್ತು ಆಮೇಲೆ ತರಬೇತಿ ಇರೋ ಥೆರಪಿಸ್ಟ್ ಜೊತೆ ಮಾತುಕತೆ. ಔಷಧಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೇಳೋ ಹೆಸರು ಸೈಲೋಸಿಬಿನ್, ಎಲ್‌ಎಸ್‌ಡಿ, ಎಂಡಿಎಂಎ, ಮತ್ತೆ ಅಯಾವಾಸ್ಕದಲ್ಲಿರೋ ಡಿಎಂಟಿ. ನಮ್ಮ ದೇಶದಲ್ಲಿ ಈ ನಾಲ್ಕೂ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ರಾಜಾಜಿನಗರದಲ್ಲಾಗಲಿ, ಕೆಂಗೇರಿಯಾಚೆಯ ಯಾವುದೋ ಫಾರ್ಮ್‌ಹೌಸ್‌ನಲ್ಲಾಗಲಿ, ಇವನ್ನ ಥೆರಪಿ ಅಂತ ದುಡ್ಡು ತಗೊಂಡು ಕೊಡೋಕೆ ಯಾರಿಗೂ ಲೈಸೆನ್ಸ್ ಇಲ್ಲ.

"ಅಣಬೆ ಈಗ ಲೀಗಲ್ ಆಯ್ತಲ್ಲ, ಕೋರ್ಟೇ ಹೇಳಿದೆ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು 2025ರ ಜನವರಿಯ ಕೇರಳ ಹೈಕೋರ್ಟ್ ಆದೇಶದ ಕಥೆ. ಒಂದು ಜಾಮೀನು ಅರ್ಜಿಯಲ್ಲಿ ಕೋರ್ಟು, ಮ್ಯಾಜಿಕ್ ಮಶ್ರೂಮ್ ತಾನಾಗೇ ಬೆಳೆಯೋ ಶಿಲೀಂಧ್ರ, ಅದನ್ನ ಮಾದಕವಸ್ತುವಿನ ಮಿಶ್ರಣ ಅಂತ ಲೆಕ್ಕ ಹಾಕೋಕಾಗಲ್ಲ ಅಂದಿತು. ಅಂದ್ರೆ ತೂಕವನ್ನ ಹೇಗೆ ಲೆಕ್ಕ ಹಾಕಬೇಕು ಅನ್ನೋ ಪ್ರಶ್ನೆ ಅದು. ಅಣಬೆಯೊಳಗಿನ ಸೈಲೋಸಿಬಿನ್ ಪಟ್ಟಿಯಲ್ಲಿ ಹಾಗೇ ಇದೆ. ಜಾಮೀನು ಕೇಳಿದ ಆ ವ್ಯಕ್ತಿಯ ಮೇಲೂ ಕೇಸ್ ಆಗಿತ್ತು ಅನ್ನೋದನ್ನ ಫಾರ್ವರ್ಡ್ ಮಾಡೋರು ಬಿಟ್ಟುಬಿಡ್ತಾರೆ.

ಶಿಕ್ಷೆ ವಿಷಯ ಬೇಗ ಹೇಳಿ ಮುಗಿಸ್ತೀನಿ. ಇಂಥ ವಸ್ತು ಸೇವಿಸಿದ್ದಕ್ಕೆ 6 ತಿಂಗಳವರೆಗೆ ಜೈಲು, ಇಲ್ಲ 10,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ವಾಣಿಜ್ಯ ಪ್ರಮಾಣ ಇಟ್ಟುಕೊಂಡು ಸಿಕ್ಕಿದ್ರೆ ಕನಿಷ್ಠ 10 ವರ್ಷ. ಎಲ್‌ಎಸ್‌ಡಿಗೆ ಆ ವಾಣಿಜ್ಯ ಪ್ರಮಾಣ ಎಷ್ಟು ಗೊತ್ತಾ? ಒಂದು ಗ್ರಾಮಿನ ಹತ್ತನೇ ಒಂದು ಭಾಗ. "ನಂಗಲ್ಲ, ಫ್ರೆಂಡ್ಸ್‌ಗೆ ಅಂತ ತಂದೆ" ಅನ್ನೋ ಮಾತು ಕೇಸನ್ನ ಹಗುರ ಮಾಡಲ್ಲ, ಇನ್ನೂ ಭಾರ ಮಾಡುತ್ತೆ.

ಹಾಗಾದ್ರೆ ಕಾನೂನುಬದ್ಧವಾಗಿ ಏನೂ ಇಲ್ವಾ? ಒಂದು ಇದೆ. ಕೆಟಮಿನ್.

ಕೆಟಮಿನ್ ಮೂಲತಃ ಅರಿವಳಿಕೆ ಔಷಧ. ಆಪರೇಷನ್ ಥಿಯೇಟರ್‌ಗಳಲ್ಲಿ 1970ರ ದಶಕದಿಂದ ಬಳಕೆಯಲ್ಲಿದೆ. ಶಾಸ್ತ್ರದ ಪ್ರಕಾರ ಇದು ಅಣಬೆ, ಎಲ್‌ಎಸ್‌ಡಿಗಳ ಕುಟುಂಬದ್ದಲ್ಲ, ಮಿದುಳಿನ ಗ್ಲುಟಮೇಟ್ ಅನ್ನೋ ಬೇರೆ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತೆ. ಆದರೆ ಸಣ್ಣ ಡೋಸ್‌ನಲ್ಲಿ ದೇಹದಿಂದ ಹೊರಗೆ ತೇಲಿದಂಥ ಅನುಭವ ಕೊಡೋದ್ರಿಂದ ಜಾಹೀರಾತಿನವರು ಅದನ್ನೂ ಸೈಕೆಡೆಲಿಕ್ ಬುಟ್ಟಿಗೇ ಹಾಕ್ತಾರೆ. ಇದೂ 2011ರಿಂದ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ, ಜೊತೆಗೆ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ವೈದ್ಯಕೀಯ ಬಳಕೆಗೆ ಅವಕಾಶ ಉಂಟು, ಆದರೆ ಮೆಡಿಕಲ್ ಸ್ಟೋರ್‌ನವರು ಚೀಟಿಯ ಒಂದು ಪ್ರತಿಯನ್ನ ಎರಡು ವರ್ಷ ಜೋಪಾನವಾಗಿ ಇಟ್ಟುಕೊಳ್ಳಬೇಕು, ಅಷ್ಟು ಬಿಗಿ. "ಮನೆಗೇ ಬಂದು ಕೊಡ್ತೀವಿ" ಅನ್ನೋರ ಹತ್ತಿರ ಆ ಬಾಟಲಿ ಎಲ್ಲಿಂದ ಬಂತು ಅಂತ ನೀವೇ ಯೋಚಿಸಿ.

ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಮನೋವೈದ್ಯರು ಇದನ್ನ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡ್ತಾರೆ. ಸಾಮಾನ್ಯ ಲೆಕ್ಕ: ಒಂದು ಕೆಜಿ ತೂಕಕ್ಕೆ ಅರ್ಧ ಮಿಲಿಗ್ರಾಂ, ಸುಮಾರು 40 ನಿಮಿಷದಲ್ಲಿ. ಬಿಪಿ, ನಾಡಿ, ಆಮ್ಲಜನಕ ಮೂರನ್ನೂ ನೋಡ್ತಿರ್ತಾರೆ. ಕೆಲವರಿಗೆ ಒಂದೇ ದಿನದೊಳಗೆ ಮನಸ್ಸು ಹಗುರಾಗುತ್ತೆ. ಮಾತ್ರೆ ಕೆಲಸ ಶುರು ಮಾಡೋಕೆ ವಾರಗಟ್ಟಲೆ ಬೇಕಾಗೋದಕ್ಕೆ ಹೋಲಿಸಿದ್ರೆ ಇದು ನಿಜಕ್ಕೂ ದೊಡ್ಡ ವಿಷಯ, ಅದನ್ನ ನಾನು ಕಡೆಗಣಿಸಲ್ಲ. ಆದರೆ ಒಂದು ಡೋಸ್‌ನ ಪರಿಣಾಮ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದ್ರೆ ಒಂದೆರಡು ವಾರ. ಆಮೇಲೇನು ಅನ್ನೋದಕ್ಕೆ ಪ್ಲಾನ್ ಇಲ್ಲದ ಜಾಗಕ್ಕೆ ಹೋಗಬೇಡಿ. ಪದೇ ಪದೇ ತಗೊಂಡ್ರೆ ಚಟ ಹಿಡಿಯೋ ಔಷಧ ಇದು. ಚಟಕ್ಕೆ ಬಿದ್ದವರ ಮೂತ್ರಕೋಶವೇ ಹಾಳಾದ ಉದಾಹರಣೆಗಳಿವೆ.

ಒಂದು ಮಾತು ಗಾಡಿ ಬಗ್ಗೆ. ಮೂಗಿಗೆ ಸ್ಪ್ರೇ ಮಾಡೋ ಎಸ್ಕೆಟಮಿನ್‌ಗೆ ಅಮೆರಿಕದ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಾಗ ಎರಡು ಷರತ್ತು ಹಾಕಿತು. ಕನಿಷ್ಠ ಎರಡು ಗಂಟೆ ಅಲ್ಲೇ ಕೂರಿಸಿಕೊಂಡು ನೋಡಬೇಕು, ಮಾರನೇ ದಿನ ಚೆನ್ನಾಗಿ ನಿದ್ದೆ ಮಾಡಿ ಏಳೋವರೆಗೂ ಗಾಡಿ ಓಡಿಸಬಾರದು. ಡ್ರಿಪ್‌ಗೂ ಇದೇ ಎಚ್ಚರ ಬೇಕು. ಸೆಷನ್ ಮುಗಿಸಿ ಆಕ್ಟಿವಾ ಹತ್ತಿ ನಾಯಂಡಹಳ್ಳಿ ಜಂಕ್ಷನ್ ದಾಟ್ತೀನಿ ಅನ್ನೋ ಧೈರ್ಯ ಬೇಡ. ಮೆಟ್ರೋದಲ್ಲಾದ್ರೂ ಒಬ್ಬರೇ ಬರಬೇಡಿ, ಜೊತೆಗೆ ಒಬ್ಬರಿರಲಿ.

ಫ್ರೆಂಡ್ಸ್ ಸೀರಿಯಲ್‌ನ ಚಾಂಡ್ಲರ್, ಅಂದ್ರೆ ಮ್ಯಾಥ್ಯೂ ಪೆರಿ, 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಎಲ್ಲರೂ "ಕೆಟಮಿನ್ ಥೆರಪಿಯಿಂದ ಹೋದ" ಅಂದ್ರು. ಶವಪರೀಕ್ಷೆ ವರದಿ ಬೇರೇನೇ ಹೇಳುತ್ತೆ. ಅವರ ಕೊನೆಯ ಅಧಿಕೃತ ಥೆರಪಿ ಆಗಿದ್ದು ಒಂದೂವರೆ ವಾರದ ಹಿಂದೆ, ದೇಹದಲ್ಲಿ ಸಿಕ್ಕ ಕೆಟಮಿನ್ ಅದರದ್ದಲ್ಲ. ಹೊರಗಿಂದ ತರಿಸಿಕೊಂಡು, ಮಾನಿಟರ್ ಇಲ್ಲದೆ, ಮನೆಯಲ್ಲಿ ಚುಚ್ಚಿಸಿಕೊಂಡಿದ್ದು. ಸಾವಿನ ಹೊತ್ತಿಗೆ ಅವರು ಬಿಸಿನೀರಿನ ತೊಟ್ಟಿಯಲ್ಲಿದ್ರು. ಔಷಧ ಒಂದೇ. ಸುತ್ತ ಯಾರಿದ್ರು, ಏನಿತ್ತು ಅನ್ನೋದು ಬೇರೆ.

ಅಣಬೆಯ ವಿಜ್ಞಾನ ಎಲ್ಲಿಗೆ ಬಂದಿದೆ ಅಂತ ಕೇಳೋರಿಗೆ: 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಟ್ರಯಲ್‌ನಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆ ಇರೋ 233 ಜನರಿಗೆ ಬೇರೆ ಬೇರೆ ಡೋಸ್ ಸೈಲೋಸಿಬಿನ್ ಕೊಟ್ರು. ದೊಡ್ಡ ಡೋಸ್ ಪಡೆದವರಲ್ಲಿ ಮೂರು ವಾರದ ಹೊತ್ತಿಗೆ ಶೇ. 37ರಷ್ಟು ಜನರಿಗೆ ಒಳ್ಳೆಯ ಪ್ರತಿಕ್ರಿಯೆ. ಹನ್ನೆರಡನೇ ವಾರದವರೆಗೂ ಅದು ಉಳಿದಿದ್ದು ಶೇ. 20ರಷ್ಟು ಜನರಲ್ಲಿ. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗಳೂ ಕಂಡವು. ಆಸೆ ಹುಟ್ಟಿಸೋ ಫಲಿತಾಂಶ ಅನ್ನೋದು ಹೌದು, ಒಂದೇ ರಾತ್ರಿಯ ಪವಾಡ ಅಲ್ಲ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ, ಅದೂ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ, ಸೈಲೋಸಿಬಿನ್ ಮತ್ತು ಎಂಡಿಎಂಎ ಬರೆಯೋಕೆ ಬಿಟ್ಟಿತು. ಮಾರನೇ ವರ್ಷ, 2024ರ ಆಗಸ್ಟ್‌ನಲ್ಲಿ, ಅಮೆರಿಕದ ಎಫ್‌ಡಿಎ ಎಂಡಿಎಂಎ ಥೆರಪಿಯ ಅರ್ಜಿಯನ್ನ ವಾಪಸ್ ಕಳಿಸಿತು, ಪುರಾವೆ ಸಾಲದು ಅಂತ.

ಈಗ ನನ್ನ ಪ್ರಕಾರ ಅತಿ ಮುಖ್ಯವಾದ ವಿಷಯ. ಇದನ್ನ ಯಾವ ರೀಲ್‌ನಲ್ಲೂ ಹೇಳಲ್ಲ.

ಟ್ರಯಲ್‌ಗಳಲ್ಲಿ ಔಷಧ ಕೊಡೋ ಮುಂಚೆ ಜನರನ್ನ ಜರಡಿ ಹಿಡೀತಾರೆ. ಸ್ಕಿಜೋಫ್ರೀನಿಯಾ, ಬೈಪೋಲಾರ್ ಇದ್ದವರನ್ನ ಸಾಮಾನ್ಯವಾಗಿ ಸೇರಿಸಿಕೊಳ್ಳಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೂ ಎಷ್ಟೋ ಕಡೆ ಸೇರಿಸಿಕೊಳ್ಳಲ್ಲ. ಕಾರಣ ಸರಳ: ಒಳಗೆ ಮಲಗಿರೋ ಕಾಯಿಲೆಯನ್ನ ಈ ಔಷಧಗಳು ಎಬ್ಬಿಸಬಹುದು. ಫಾರ್ಮ್‌ನಲ್ಲಿ ಪ್ರಶ್ನೆ ಬರುತ್ತೆ: ನಿಮ್ಮ ಕುಟುಂಬದಲ್ಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇತ್ತಾ? ನಾವು ಕಣ್ಣು ಮುಚ್ಚಿ "ಇಲ್ಲ" ಅಂತ ಟಿಕ್ ಮಾಡ್ತೀವಿ. ಯಾಕಂದ್ರೆ ನಮ್ಮ ಮನೆಗಳಲ್ಲಿ ಸ್ಕಿಜೋಫ್ರೀನಿಯಾ ಅನ್ನೋ ಪದವನ್ನ ಯಾರೂ ಬಳಸಿರಲ್ಲ. "ಚಿಕ್ಕಪ್ಪ ಓದಿ ಓದಿ ತಲೆ ಕೆಡಿಸಿಕೊಂಡ್ರು." "ದೊಡ್ಡಮ್ಮನಿಗೆ ಬಾಣಂತನದಲ್ಲಿ ಯಾರೋ ಮಾಟ ಮಾಡಿಸಿದ್ರು." "ಆ ಮಾವ ಒಂದಿನ ಮನೆ ಬಿಟ್ಟು ಹೋದವ್ರು ಬರಲೇ ಇಲ್ಲ." ಇವೆಲ್ಲ ಕಾಯಿಲೆಯೇ ಅಂತ ನಾನು ಹೇಳ್ತಿಲ್ಲ. ಡಾಕ್ಟರ್‌ಗೆ ಹೇಳಬೇಕಾದ ವಿಷಯ ಅಂತೂ ಹೌದು.

ಅದಕ್ಕೆ ಫೋನ್ ಮಾಡಿ. ಅಮ್ಮನಿಗೆ ಕೇಳಿದ್ರೆ "ಅದೆಲ್ಲ ಈಗ್ಯಾಕೋ" ಅಂತಾರೆ, ಅಜ್ಜಿಗೋ ಸೋದರತ್ತೆಗೋ ಕೇಳಿ. ಸ್ಕಿಜೋಫ್ರೀನಿಯಾ ಇತ್ತಾ ಅಂತ ಕೇಳಬೇಡಿ, ಉತ್ತರ ಸಿಗಲ್ಲ. ಒಬ್ಬೊಬ್ಬರೇ ಮಾತಾಡ್ಕೊಳ್ತಿದ್ದವರು ಯಾರಾದ್ರೂ ಇದ್ರಾ? ವಾರಗಟ್ಟಲೆ ನಿದ್ದೆ ಇಲ್ಲದೆ ಓಡಾಡಿ, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡಿ, ಆಮೇಲೆ ಮಂಕಾಗಿ ಕೂತವರು? ನಿಮ್ಹಾನ್ಸ್‌ಗೆ, ಧಾರವಾಡಕ್ಕೆ ಕರ್ಕೊಂಡು ಹೋಗಿದ್ದವರು? ಹೀಗೆ ಕೇಳಿ. ಹತ್ತು ನಿಮಿಷದ ಫೋನ್ ಕಾಲ್ ಅದು.

ಅದೇ ಥರ, ನೀವು ತಗೊಳ್ತಿರೋ ಪ್ರತಿ ಮಾತ್ರೆಯ ಹೆಸರೂ ಹೇಳಬೇಕು. ಲಿಥಿಯಂ ತಗೊಳ್ತಿರೋರು ಎಲ್‌ಎಸ್‌ಡಿ ಅಥವಾ ಸೈಲೋಸಿಬಿನ್ ತಗೊಂಡಾಗ ಫಿಟ್ಸ್ ಬಂದ ವರದಿಗಳಿವೆ. ಬಿಪಿ ಹತೋಟಿಯಲ್ಲಿ ಇಲ್ಲದೋರಿಗೆ ಕೆಟಮಿನ್ ಅಪಾಯ. ವಾರಾಂತ್ಯದಲ್ಲಿ ಏನಾದ್ರೂ ಬಳಸಿದ್ರೆ ಅದನ್ನೂ ಹೇಳಿ. "ಹೇಳಿದ್ರೆ ಪೊಲೀಸರಿಗೆ ತಿಳಿಸ್ತಾರೆ" ಅನ್ನೋ ಭಯ ತುಂಬಾ ಜನಕ್ಕಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗೋಪ್ಯವಾಗಿಡೋದು ನಿಮ್ಮ ಹಕ್ಕು. ಇನ್ನು ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಕೊಂಡ ವ್ಯಸನಿ, ಸರ್ಕಾರದ ಮಾನ್ಯತೆ ಇರೋ ಕಡೆ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನ ಪೂರ್ತಿ ಮುಗಿಸಿದ್ರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತೆ.

ಕ್ಲಿನಿಕ್‌ಗೆ ಹೋದಾಗ ಸಂಕೋಚ ಬಿಟ್ಟು ಕೇಳಿ. ಸಲೂನ್‌ನಲ್ಲಿ ಹೇರ್‌ಕಲರ್ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳ್ತೀವಿ, ಡಾಕ್ಟರ್ ಮುಂದೆ ಮಾತ್ರ ಬಾಯಿ ಕಟ್ಟಿಹೋಗುತ್ತೆ. ಮನೋವೈದ್ಯರು ಯಾರು, ಅವರು ಸೆಷನ್ ದಿನ ಇರ್ತಾರಾ? ಉಸಿರಾಟಕ್ಕೆ ತೊಂದರೆಯಾದ್ರೆ ನೋಡೋಕೆ ಅರಿವಳಿಕೆ ತಜ್ಞರೋ, ತುರ್ತು ಚಿಕಿತ್ಸೆಯ ತರಬೇತಿ ಇರೋರೋ ಇದ್ದಾರಾ? ಕೆಪಿಎಂಇ ನೋಂದಣಿ ಇದೆಯಾ? ಒಟ್ಟು ಎಷ್ಟು ಸೆಷನ್, ಒಟ್ಟು ಖರ್ಚೆಷ್ಟು? ಒಪ್ಪಿಗೆ ಪತ್ರವನ್ನ ಕನ್ನಡದಲ್ಲಿ ಓದಿ ಹೇಳ್ತೀರಾ? ಕೊನೆಯದನ್ನ ಕೇಳೋಕೆ ನಾಚಿಕೆ ಬೇಡ. ನಿಮಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಿದ ಮೇಲಷ್ಟೇ ಅದು ಒಪ್ಪಿಗೆ. ನಿಮ್ಮ ಚಿಕಿತ್ಸೆಯ ದಾಖಲೆಗಳನ್ನ ಕೇಳಿ ಪಡೆಯೋದೂ ಅದೇ ಕಾಯ್ದೆಯ ಹಕ್ಕು.

ಹುಡುಗೀರಿಗೆ ಮುಖ್ಯವಾಗಿ, ಆದರೆ ಎಲ್ಲರಿಗೂ: ಸೆಷನ್ ಹೊತ್ತಲ್ಲಿ ರೂಮಿನಲ್ಲಿ ಯಾರಿರ್ತಾರೆ, ಮುಟ್ಟೋದಾದ್ರೆ ಎಲ್ಲಿ, ಯಾಕೆ ಅನ್ನೋದು ಮುಂಚೆಯೇ ಮಾತಾಗಬೇಕು. ಈ ಸ್ಥಿತಿಯಲ್ಲಿ ಬೇಡ ಅನ್ನೋ ಶಕ್ತಿ ಕಮ್ಮಿಯಾಗಿರುತ್ತೆ. ಕೆನಡಾದಲ್ಲಿ 2015ರ ಒಂದು ಎಂಡಿಎಂಎ ಟ್ರಯಲ್‌ನಲ್ಲಿ ಥೆರಪಿಸ್ಟ್‌ಗಳೇ ಮಿತಿ ಮೀರಿ ರೋಗಿಯ ಜೊತೆ ನಡೆದುಕೊಂಡಿದ್ದು ವಿಡಿಯೋ ಸಮೇತ ಹೊರಬಂತು. ಅಷ್ಟು ನಿಯಮ, ಕ್ಯಾಮೆರಾ ಇದ್ದ ಕಡೆಯೇ ಹೀಗೆ. ಫಾರ್ಮ್‌ಹೌಸ್‌ನಲ್ಲಿ ಏನಾದ್ರೂ ಆದ್ರೆ, ನೀವು ದೂರು ಕೊಡೋಕೆ ಹೋದಾಗ ಮೊದಲು ಒಪ್ಪಿಕೊಳ್ಳಬೇಕಾದ್ದು ನಿಮ್ಮದೇ ಸೇವನೆಯನ್ನ. ಅದು ಅವರಿಗೂ ಗೊತ್ತು.

ವಿಜಯನಗರದ ಗೆಳೆಯನಿಗೆ ಇನ್ನೊಂದು. "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ವೈದ್ಯರು ಒಪ್ಪಬೇಕಾದ್ರೆ ಕನಿಷ್ಠ ಎರಡು ಬೇರೆ ಬೇರೆ ಔಷಧಗಳನ್ನ ಸರಿಯಾದ ಡೋಸ್‌ನಲ್ಲಿ, ತಲಾ ಆರೆಂಟು ವಾರ ತಪ್ಪದೆ ತಗೊಂಡಿರಬೇಕು. ಎಷ್ಟೋ ಜನ ಒಂದನ್ನೇ, ಅದೂ ಬಿಟ್ಟು ಬಿಟ್ಟು ತಗೊಂಡಿರ್ತಾರೆ. ನೀನು ಹಾಗೆ ಅಂತಲ್ಲ, ಆದರೆ ಚೀಟಿಗಳನ್ನೆಲ್ಲ ಒಟ್ಟು ಮಾಡಿಕೊಂಡು ಇನ್ನೊಬ್ಬ ಮನೋವೈದ್ಯರ ಹತ್ತಿರ ಸೆಕೆಂಡ್ ಒಪಿನಿಯನ್ ತಗೋ. ಥೈರಾಯ್ಡ್ ನೋಡಿಸಿದ್ಯಾ, ಕುಡಿತ ಇದ್ಯಾ, ಮಾತಿನ ಥೆರಪಿ ಜೊತೆಗಿತ್ತಾ ಅಂತ ಅವರು ಕೇಳ್ತಾರೆ. ಔಷಧ ಬದಲಿಸಬಹುದು, ಇನ್ನೊಂದನ್ನ ಸೇರಿಸಬಹುದು, ಇಸಿಟಿ ಇದೆ, ಕೆಟಮಿನ್ ಕೂಡ ಅದೇ ಸಾಲಿನಲ್ಲಿ ಬರುತ್ತೆ. ಅಲ್ಲಿಗೆ ತಲುಪೋ ದಾರಿ ಒಪಿಡಿ ಚೀಟಿಯದ್ದು.

ಆ ಅಪಾಯಿಂಟ್‌ಮೆಂಟ್ ಸಿಗೋವರೆಗೆ ರಾತ್ರಿ ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಬೆಳಗಾಗೋವರೆಗೆ ಕಾಯಬೇಡ. ಮನೆಯಲ್ಲಿ ಯಾರನ್ನಾದ್ರೂ ಎಬ್ಬಿಸು, ಆಟೋ ಹಿಡಿದು ನಿಮ್ಹಾನ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಹೋಗಿ. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತೆ. ಹಳೇ ಚೀಟಿಗಳನ್ನೂ, ಈಗ ತಗೊಳ್ತಿರೋ ಮಾತ್ರೆಯ ಸ್ಟ್ರಿಪ್ಪನ್ನೂ ಜೊತೆಗೆ ಇಟ್ಕೋ.