ಒದ್ದೆ ಬಟ್ಟೆಯ ನೀರು ಎಲ್ಲಿಗೆ ಹೋಯಿತು?

ಅಕ್ಕ ತಂಗಿಯರೇ, ಮಲೆನಾಡಿನ ಮಳೆ ನಮಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಗಳದಲ್ಲಿ ಬಟ್ಟೆ ಹರವುವ ಹಾಗಿಲ್ಲ. ಮನೆಯೊಳಗೇ ಹಗ್ಗ ಕಟ್ಟುತ್ತೇವೆ. ಮೂರು ದಿನವಾದರೂ ಸೀರೆ ಒಣಗೋದಿಲ್ಲ. ಗೋಡೆಯ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ಮಾಡು ಸೋರ್ತಿದೆ ಅಂತ ಹೆಂಚು ಬದಲಿಸುತ್ತೇವೆ. ದುಡ್ಡು ಹೋಗುತ್ತದೆ, ಬೂಷ್ಟು ಹೋಗೋದಿಲ್ಲ. ಯಾಕೆ ಹೀಗೆ?

ತೂಗಿ ನೋಡೋಣ

ಹಿಂಡಿದ ಒದ್ದೆ ಬಟ್ಟೆಗಳನ್ನು ತೂಗಿ. ಒಣಗಿದ ಮೇಲೆ ಮತ್ತೆ ತೂಗಿ. ತೂಕ 2 ಕಿಲೋ ಇಳಿದಿದ್ದರೆ, 2 ಲೀಟರ್ ನೀರು ಆವಿಯಾಗಿದೆ ಎಂದರ್ಥ. ಕಿಟಕಿ ಮುಚ್ಚಿದ್ದರೆ ಆ ಆವಿ ಕೋಣೆಯಲ್ಲೇ ಸುತ್ತುತ್ತದೆ.

ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಮೂಡುವುದನ್ನು ನೋಡಿದ್ದೇವೆ ಅಲ್ವೇ? ಚೊಂಬು ತೂತಾಗಿಲ್ಲ. ಗಾಳಿಯಲ್ಲಿದ್ದ ಆವಿ ತಣ್ಣನೆಯ ಚೊಂಬಿಗೆ ತಾಗಿ ನೀರಾಯಿತು. ತಣ್ಣನೆಯ ಗೋಡೆಯ ಮೇಲೂ ಹೀಗೇ ಆಗುತ್ತದೆ. ತೇವ ನಿಂತಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿನಿಂದ ಉಬ್ಬಸ ಇರುವವರಿಗೆ ತೊಂದರೆ ಹೆಚ್ಚುತ್ತದೆ. ಮಕ್ಕಳಿಗೆ ಕೆಮ್ಮು ಬರಬಹುದು.

ಸೋರಿಕೆಯೋ, ಆವಿಯೋ?

ಇದನ್ನು ನಾವೇ ಪರೀಕ್ಷೆ ಮಾಡಬಹುದು. ಗೋಡೆಯ ಒಂದು ಜಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ. 2 ದಿನ ಬಿಡಿ. ಹಾಳೆಯ ಹೊರಗಡೆ ಹನಿ ಇದ್ದರೆ, ಅದು ಕೋಣೆಯ ಆವಿ. ಹಾಳೆಯ ಒಳಗಡೆ, ಗೋಡೆಯ ಬದಿಗೆ ಹನಿ ಇದ್ದರೆ, ನೀರು ಗೋಡೆಯಿಂದಲೇ ಬರುತ್ತಿದೆ. ಆಗ ಹೆಂಚು, ಗೋಡೆಯ ಬಿರುಕು ನೋಡಿಸಬೇಕು. ಎರಡೂ ಕಡೆ ಇದ್ದರೆ ಎರಡಕ್ಕೂ ಮದ್ದು ಬೇಕು.

ಆವಿಯಾದರೆ ಏನು ಮಾಡೋಣ?

• ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ. ಹಿಂಡಿ ತೆಗೆದಷ್ಟು ನೀರು ಗಾಳಿಗೆ ಸೇರೋದಿಲ್ಲ.
• ಆದಷ್ಟು ಜಗಲಿಯಲ್ಲೇ ಹರವಿ. ಮಲಗುವ ಕೋಣೆಯಲ್ಲಿ ಬೇಡ.
• ಬಟ್ಟೆಗಳ ನಡುವೆ ಒಂದು ಗೇಣು ಜಾಗ ಬಿಡಿ. ಒಂದರ ಮೇಲೊಂದು ಹಾಕಬೇಡಿ.
• ಎದುರುಬದುರು ಕಿಟಕಿ ಬಾಗಿಲು ತೆರೆಯಿರಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಲಿ.
• ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿಯುತ್ತದೆ. ಬಚ್ಚಲೊಲೆಯ ಹತ್ತಿರ ಬಟ್ಟೆ ಬೇಗ ಒಣಗುವುದು ಇದಕ್ಕೇ. ಆದರೆ ಕಿಡಿ ಹಾರದಷ್ಟು ದೂರ ಇರಲಿ.
• ಹಿಡಿದ ಬೂಷ್ಟನ್ನು ಸೋಪಿನ ನೀರಿನಿಂದ ಒರೆಸಿ, ಜಾಗವನ್ನು ಒಣಗಿಸಿ. ಒರೆಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಇವು ಎರಡು ಜೀವದ ಮಾತು

ಬಟ್ಟೆ ಒಣಗಲಿ ಎಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬೇಡಿ. ಕೆಂಡದಿಂದ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಲ್ಲೇ ಸಾಯಬಹುದು.

ಬಟ್ಟೆ ಹರವಲು ಕಬ್ಬಿಣದ ತಂತಿ ಕಟ್ಟಬೇಡಿ. ಕರೆಂಟಿನ ವೈರು ಅದಕ್ಕೆ ತಾಗಿದರೆ, ಒದ್ದೆ ಬಟ್ಟೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ನೈಲಾನ್ ಹಗ್ಗವನ್ನೇ ಕಟ್ಟಿ. ಅದನ್ನೂ ವೈರಿನಿಂದ ದೂರ ಕಟ್ಟಿ.

ನಿಮ್ಮ ಮನೆಯ ಗೋಡೆಗೆ ಹಾಳೆ ಅಂಟಿಸಿ ನೋಡಿ. ಏನು ಕಂಡಿತು? ಸ್ಲೇಟಿನ ಮೇಲೆ ಬರೆಯಿರಿ. ಪಕ್ಕದ ಮನೆಯವರಿಗೂ ಓದಿ ಹೇಳಿ.