ಕೈ ತೋರಿಸಿ ಹೊಳ್ಳ್ರೀಯಪಾ!

ಮುನವಳ್ಳಿ: ಮೊನ್ನೆ ಸಂಜೆ ಆರರ ಸುಮಾರು. ಬಸ್ಸಿನಿಂದ ಇಳಿದು, ರಸ್ತೆಗಳು ಕೂಡುವ ಮೂಲೆಯಲ್ಲಿನ ಚಹಾದ ಅಂಗಡಿ ಮುಂದೆ ನಿಂತಿದ್ದೆ. ಸವದತ್ತಿ ಕಡೆಯಿಂದ ಒಂದು ಮೋಟಾರ್ ಸೈಕಲ್ ಬಂತು. ಅದರ ಎಡಗಡೆ ದೀಪ ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿತ್ತು. ಎದುರಿನಿಂದ ಸೈಕಲ್ಲಿಗೆ ಎರಡು ಹಾಲಿನ ಕ್ಯಾನು ತೂಗು ಹಾಕಿಕೊಂಡು ಒಬ್ಬ ಹಿರಿಯರು ಬರುತ್ತಿದ್ದರು. ಗಾಡಿ ಎಡಕ್ಕೆ ಹೊಳ್ಳುತ್ತದೆ ಅಂತ ನಂಬಿ ಅವರು ಪೆಡಲ್ ತುಳಿದರು. ಗಾಡಿ ಹೊಳ್ಳಿದ್ದು ಬಲಕ್ಕೆ!

ಸೈಕಲ್ ಬಿತ್ತು. ಒಂದು ಕ್ಯಾನಿನ ಮುಚ್ಚಳ ಕಳಚಿ ಹಾಲೆಲ್ಲ ಡಾಂಬರಿನ ಮೇಲೆ ಹರಿಯಿತು. ಮುದುಕರ ಮೊಣಕಾಲು ಕೆತ್ತಿಹೋಯಿತು. ಹಿಂದೆ ಲಾರಿ, ಟ್ರ್ಯಾಕ್ಟರ್ ಯಾವುದೂ ಬರುತ್ತಿರಲಿಲ್ಲ, ಅದೊಂದು ಪುಣ್ಯ.

"ಯಜ್ಜಾ, ಹಾರ್ನ್ ಹಾಕಿದ್ನೆಲ್ಲ, ಕೇಳಿಸಲಿಲ್ಲೇನು?" ಅಂತ ಹುಡುಗ ಏರು ದನಿಯಲ್ಲಿ ಕೇಳಿದ.

ಮುದುಕರು ಧೋತರ ಝಾಡಿಸಿಕೊಳ್ಳುತ್ತ ಹೇಳಿದ್ದು ಇಷ್ಟೇ: "ಹಾರ್ನ್ ಕೇಳಿತು ತಮ್ಮಾ. ಆದರ ಎಡಕ್ಕ ಹೋಗ್ತೀನಿ ಅಂತ ದೀಪಾ ಹಚ್ಚಿದಾಂವ ನೀನ. ನಾ ನಿನ್ನ ದೀಪಾ ನಂಬಿದೆ. ಅದ ನನ್ನ ತಪ್ಪು."

ಹುಡುಗ ತನ್ನ ಗಾಡಿಯ ಕಡೆ ನೋಡಿದ. ದೀಪ ಇನ್ನೂ ಎಡಕ್ಕೇ ಹೊಡೆದುಕೊಳ್ಳುತ್ತಿತ್ತು. ಎಲ್ಲೋ ಹಿಂದೆ ಹೊಳ್ಳುವಾಗ ಹಚ್ಚಿದ್ದು, ಆರಿಸುವುದನ್ನೇ ಮರೆತಿದ್ದ. ಮುಖ ಸಣ್ಣದು ಮಾಡಿಕೊಂಡು ಹಾಲಿನ ರೊಕ್ಕ ಕೊಡಲು ಕಿಸೆಗೆ ಕೈ ಹಾಕಿದ. ಚಹಾದ ಅಂಗಡಿಯವರು ನನ್ನ ಕಡೆ ತಿರುಗಿ, "ಪೇಪರ್‌ನವರ, ಏನೇನರ ಬರೀತೀರಿ, ಇದನ್ನೊಂದಿಷ್ಟ ಬರೀರಲ್ಲ" ಅಂದರು. ಅದಕ್ಕೇ ಈ ವಾರ ಇದನ್ನು ಬರೆದಿದ್ದೇನೆ.

ಮೊದಲು ಯಾರು ಹೋಗಬೇಕು?

ನಡುವೆ ಕಟ್ಟೆ ಕಟ್ಟಿ ಹೂವು ಬೆಳೆಸಿದ ದೊಡ್ಡ ವೃತ್ತವೇ ಇರಲಿ, ಒಂದು ಕಂಬ ನೆಟ್ಟ ಮೂಲೆಯೇ ಇರಲಿ, ನಾಲ್ಕು ದಾರಿ ಕೂಡುವ ಜಾಗಕ್ಕೆಲ್ಲ ನಮ್ಮ ಕಡೆ ಸರ್ಕಲ್ ಅನ್ನುವುದು ರೂಢಿ. ಅಲ್ಲಿ ಮೊದಲು ಹೋಗಬೇಕಾದವರು ಯಾರು ಅಂತ ನಾಲ್ಕು ಮಂದಿಯನ್ನು ಕೇಳಿ ನೋಡಿದೆ. ಒಬ್ಬರು "ದೊಡ್ಡ ಗಾಡಿ" ಅಂದರು. ಇನ್ನೊಬ್ಬರು "ಯಾರು ಜೋರ ಹಾರ್ನ್ ಹೊಡೀತಾರ ಅವರು" ಅಂದರು. ಮೂರನೆಯವರು "ಮೇನ್ ರೋಡಿನಾಂವ" ಅಂದರು. ನಾಲ್ಕನೆಯವರು ನಕ್ಕು, "ಯಾರು ಮೊದಲ ಮುಂದಿನ ಗಾಲಿ ತುರುಕ್ತಾರ ಅವರು ನೋಡ್ರಿ" ಅಂದರು. ನಡೆದಿರುವುದು ನಾಲ್ಕನೆಯವರ ಕಾಯಿದೆಯೇ!

ಪುಸ್ತಕದ ಕಾಯಿದೆ ಬೇರೆ ಇದೆ. ರಸ್ತೆಗಳು ಕೂಡುವಲ್ಲಿ ಮುಖ್ಯ ರಸ್ತೆಯ ವಾಹನಕ್ಕೆ ದಾರಿ ಬಿಡಬೇಕು, ಮುಖ್ಯ ರಸ್ತೆ ಅಂತ ಗುರುತಿಲ್ಲದಿದ್ದರೆ ತನ್ನ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು 1989ರ ರಸ್ತೆ ನಿಯಮಗಳಲ್ಲಿ ಇತ್ತು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ವೃತ್ತದ ಫಲಕ ಹಾಕಿದ ಕಡೆ, ಆಗಲೇ ಒಳಗೆ ಸುತ್ತುತ್ತಿರುವ ವಾಹನಕ್ಕೇ ಮೊದಲ ಹಕ್ಕು ಎಂದು ಅವು ಹೇಳುತ್ತವೆ. ಹೊರಗಿನಿಂದ ಬರುವವರು ನಿಂತು, ನೋಡಿ, ಸಂದು ಸಿಕ್ಕ ಮೇಲೆ ಒಳಗೆ ಹೋಗಬೇಕು.

ಇದರ ಲೆಕ್ಕ ಬಲು ಸರಳ. ನಮ್ಮ ದೇಶದಲ್ಲಿ ಎಡಗಡೆ ನಡೆಯುತ್ತೇವೆ. ಹಾಗಾಗಿ ವೃತ್ತವನ್ನು ಗಡಿಯಾರದ ಮುಳ್ಳು ತಿರುಗಿದಂತೆ ಸುತ್ತಬೇಕು. ಹಾಗೆ ಸುತ್ತುವವರು, ಒಳಗೆ ಹೋಗಲು ನಿಂತವರಿಗೆ ಬಲಗಡೆಯಿಂದಲೇ ಬರುತ್ತಾರೆ. ಆದ್ದರಿಂದ ವೃತ್ತದ ಬಾಯಿಗೆ ಬಂದಾಗ ಬಲಕ್ಕೆ ನೋಡಿರಿ, ಬರುವವರಿಗೆ ಬಿಡಿರಿ, ಆಮೇಲೆ ಹೋಗಿರಿ. ದೂರ ಉಳಿಯುತ್ತದೆ ಅಂತ ಕಟ್ಟೆಯನ್ನು ಬಲಕ್ಕೆ ಕತ್ತರಿಸಿ ಹೋಗುವವರಿದ್ದಾರಲ್ಲ, ಅವರು ಉಳಿಸುವುದು ಹತ್ತು ಮಾರು ರಸ್ತೆ. ಕಳೆಯುವುದು ಏನು ಅಂತ ಬೇರೆ ಹೇಳಬೇಕಿಲ್ಲ.

ಒಳಗಿದ್ದವರಿಗೇ ಯಾಕೆ ಮೊದಲ ಹಕ್ಕು ಅಂತ ಕೇಳಬಹುದು. ಸಂತೆಯ ದಿನ ಬಸ್ಸಿನ ಬಾಗಿಲು ನೆನಪು ಮಾಡಿಕೊಳ್ಳಿರಿ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿದರೆ ಏನಾಗುತ್ತದೆ? ಒಳಗಿನವರು ಒಳಗೇ, ಹೊರಗಿನವರು ಹೊರಗೇ. ಕಂಡಕ್ಟರ್ ಎಷ್ಟು ಕೂಗಿದರೂ ಬಾಗಿಲು ಬಿಡಿಸಿಕೊಳ್ಳುವುದಿಲ್ಲ. ವೃತ್ತವೂ ಹಾಗೇ. ಅಮೆರಿಕದ ಹಳೆಯ ವೃತ್ತಗಳಲ್ಲಿ ಒಳಗೆ ಬರುವವರಿಗೇ ಮೊದಲ ದಾರಿ ಕೊಟ್ಟಿದ್ದರು. ವಾಹನ ಹೆಚ್ಚಾದಂತೆ ಅವು ಕೀಲಿ ಜಡಿದಂತೆ ನಿಂತುಬಿಟ್ಟವು. ಇಂಗ್ಲೆಂಡಿನಲ್ಲಿ ವಾಹನ ಸುತ್ತುವ ಮೊದಲ ವೃತ್ತ ಲೆಚ್‌ವರ್ತ್ ಎಂಬ ಊರಿನಲ್ಲಿ 1909ರ ಸುಮಾರಿಗೇ ಆಗಿತ್ತು. ಆದರೂ ಒಳಗಿದ್ದವರಿಗೆ ದಾರಿ ಬಿಡಬೇಕೆಂಬ ನಿಯಮ ದೇಶಕ್ಕೆಲ್ಲ ಬಂದದ್ದು 1966ರಲ್ಲಿ. ಅಂದರೆ, ತಿಳಿದವರೆನಿಸಿಕೊಂಡವರಿಗೂ ಈ ಸಣ್ಣ ಮಾತು ತಿಳಿಯಲು ಐವತ್ತು ವರುಷಕ್ಕೂ ಮೇಲೆ ಹಿಡಿಯಿತು. ನಾವು ಇಂದೇ ಕಲಿತರೆ ಲಾಭ ನಮ್ಮದೇ.

ದೀಪ ಹಚ್ಚುವುದೂ ಒಂದು ಮಾತು

ಎಡಕ್ಕೆ ಹೋಗುವವರು ವೃತ್ತ ಬರುವ ಮೊದಲೇ ಎಡದೀಪ ಹಚ್ಚಿ, ರಸ್ತೆಯ ಎಡಕ್ಕೇ ಇರಬೇಕು. ನೇರ ಹೋಗುವವರು ಒಳಗೆ ಬರುವಾಗ ಯಾವ ದೀಪವನ್ನೂ ಹಚ್ಚಬೇಕಿಲ್ಲ. ತಮ್ಮ ದಾರಿಯ ಹಿಂದಿನ ದಾರಿ ದಾಟಿದ ಮೇಲೆ ಎಡದೀಪ ಹಚ್ಚಿ ಹೊರಬೀಳಬೇಕು. ಬಲಕ್ಕೆ ಹೋಗುವವರು ಬಲದೀಪ ಹಚ್ಚಿ ಒಳಗೆ ಬಂದು, ಕಟ್ಟೆಯ ಮಗ್ಗುಲಿಗೆ ಸುತ್ತಿ, ಹೊರಬೀಳುವ ಮುಂಚೆ ಎಡದೀಪಕ್ಕೆ ಬದಲಿಸಬೇಕು. ಹೊರಬಿದ್ದ ಮೇಲೆ ದೀಪ ಆರಿಸಬೇಕು. ಈ ಕೊನೆಯದನ್ನು ನಮ್ಮ ಮೋಟಾರ್ ಸೈಕಲ್ ಮಂದಿ ಮರೆಯುವುದೇ ಹೆಚ್ಚು. ಕಾರಿನಲ್ಲಿ ಸ್ಟೇರಿಂಗ್ ಮರಳಿದಾಗ ದೀಪ ತಾನೇ ಆರುತ್ತದೆ, ಬಹುತೇಕ ಮೋಟಾರ್ ಸೈಕಲ್ಲಿನಲ್ಲಿ ಕೈಯಿಂದಲೇ ಆರಿಸಬೇಕು.

ನಾಲ್ಕೂ ದೀಪ ಒಮ್ಮೆಲೆ ಹಚ್ಚಿಕೊಂಡು "ನೇರ ಹೊಂಟೀನಿ" ಅನ್ನುವ ಹೊಸ ಚಟವೂ ಒಂದು ಬಂದಿದೆ. ಅದು ಕೆಟ್ಟು ನಿಂತ ಗಾಡಿಯ ಗುರುತು. ಪಕ್ಕದಿಂದ ನೋಡುವವರಿಗೆ ಒಂದೇ ದೀಪ ಕಾಣುತ್ತದೆ. ಎಡಕ್ಕೋ ಬಲಕ್ಕೋ ಹೊಂಟಾನ ಅಂತ ಅವರು ಮೋಸಹೋಗುತ್ತಾರೆ.

ದೀಪ ಇಲ್ಲದ ಗಾಡಿಯವರು ಏನು ಮಾಡಬೇಕು? ಹಿಂದಿನ ಲಾರಿ ಡ್ರೈವರುಗಳ ಕೈಸನ್ನೆ ಇನ್ನೂ ಕಾಯಿದೆಯಿಂದ ಹೋಗಿಲ್ಲ. ಬಲಕ್ಕೆ ಹೋಗುವಾಗ ಬಲಗೈಯನ್ನು ನೇರ ಹೊರಗೆ ಚಾಚಬೇಕು, ಅಂಗೈ ಮುಂದಕ್ಕಿರಬೇಕು. ಎಡಕ್ಕೆ ಹೋಗುವಾಗ ಅದೇ ಬಲಗೈಯನ್ನು ಚಾಚಿ, ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಬೇಕು. ನಿಧಾನ ಮಾಡುವಾಗ ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ಇದಕ್ಕೆ ಬ್ಯಾಟರಿ ಬೇಡ, ಬಲ್ಬು ಬೇಡ. ಸೈಕಲ್ಲಿನವರಿಗೂ ಬರುತ್ತದೆ, ಚಕ್ಕಡಿಯವರಿಗೂ ಬರುತ್ತದೆ.

ಕಬ್ಬಿನ ದಿನ, ಎಲ್ಲಮ್ಮನ ದಿನ

ನಮ್ಮ ಭಾಗಕ್ಕೆ ಈ ಮಾತು ಹೆಚ್ಚು ಯಾಕೆ ಬೇಕು ಅಂದರೆ, ಕಬ್ಬು ಕಡಿಯುವ ಸುಗ್ಗಿ ಬಂತೆಂದರೆ ರಸ್ತೆಯ ತುಂಬ ಎರಡೆರಡು ಟ್ರೇಲಿ ಕಟ್ಟಿದ ಟ್ರ್ಯಾಕ್ಟರುಗಳು. ಕಬ್ಬು ಹಿಂದಕ್ಕೆ ಜೋತುಬಿದ್ದು, ದೀಪ ಇದ್ದರೂ ಮುಚ್ಚಿಹೋಗಿರುತ್ತದೆ. ಡ್ರೈವರ್ ಹಚ್ಚಿದ ಹಾಡಿನ ಸಪ್ಪಳದಲ್ಲಿ ಹಿಂದಿನವರ ಹಾರ್ನ್ ಅವನಿಗೆ ಕೇಳುವುದಿಲ್ಲ. ಅಂಥ ಗಾಡಿ ಮೂಲೆಯಲ್ಲಿ ಬಲಕ್ಕೆ ಹೊಳ್ಳಿದಾಗ, ಇಂಜಿನ್ನು ದಾಟಿದರೂ ಹಿಂದಿನ ಟ್ರೇಲಿ ಇನ್ನೂ ರಸ್ತೆಯಲ್ಲೇ ಇರುತ್ತದೆ. ಕತ್ತಲಲ್ಲಿ ಮೋಟಾರ್ ಸೈಕಲ್ಲಿನವರು ನೋಡದೆ ಹೋಗಿ ಬಡಿಯುತ್ತಾರೆ. ಟ್ರೇಲಿಯ ಹಿಂದೆ ಮತ್ತು ಮಗ್ಗುಲಿಗೆ ಹೊಳೆಯುವ ರೇಡಿಯಂ ಪಟ್ಟಿ ಅಂಟಿಸಲು ಎಷ್ಟು ಖರ್ಚು? ಒಂದು ದಿನದ ಡೀಸೆಲ್ಲಿಗಿಂತ ಕಡಿಮೆ. ಹಾಡು ಹಚ್ಚಬ್ಯಾಡ್ರಿ ಅನ್ನುವುದಿಲ್ಲ. ಮೂಲೆ ಬಂದಾಗ ಸಪ್ಪಳ ಒಂದಿಷ್ಟು ಇಳಿಸಿ, ಕೈ ಹೊರಗೆ ಚಾಚಿರಿ.

ಇನ್ನು ಬನದ ಹುಣ್ಣಿವೆ, ಭಾರತ ಹುಣ್ಣಿವೆ ಬಂತೆಂದರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿಯ ಲೆಕ್ಕ ಇಡುವವರು ಯಾರು? ಚಕ್ಕಡಿ, ಟೆಂಪೋ, ಟ್ರ್ಯಾಕ್ಟರ್, ಕಾರು, ಬಸ್ಸು. ಮಹಾರಾಷ್ಟ್ರದವರು ಬರುತ್ತಾರೆ, ಆಂಧ್ರ ತೆಲಂಗಾಣದವರು ಬರುತ್ತಾರೆ. ನಮ್ಮ ಕನ್ನಡ ಅವರಿಗೆ ತಿಳಿಯದು, ಅವರ ಭಾಷೆ ನಮಗೆ ತಿಳಿಯದು. ಆದರೆ ಎಡದೀಪ ಹಚ್ಚಿದರೆ ಎಡಕ್ಕೆ ಅನ್ನುವುದು ಎಲ್ಲರಿಗೂ ತಿಳಿಯುತ್ತದೆ. ಆ ಒಂದು ಭಾಷೆಯಲ್ಲೂ ನಾವು ಸುಳ್ಳು ಹೇಳಿದರೆ ಪರಊರಿನವರು ಯಾರನ್ನು ನಂಬಬೇಕು?

ಹುಬ್ಬಳ್ಳಿಯ ಕಿತ್ತೂರು ಚನ್ನಮ್ಮ ವೃತ್ತದಲ್ಲಿ, ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಬಸ್ಸಿನಲ್ಲಿ ಹಾದುಹೋದವರು ನಮ್ಮ ಓದುಗರಲ್ಲಿ ಬಹಳ ಮಂದಿ. ಅಂಥ ಶಹರಗಳಲ್ಲಿ ಕೆಂಪು ಹಸಿರು ದೀಪವಿದ್ದರೆ, ಪೊಲೀಸರು ಕೈ ಮಾಡಿದರೆ, ಅದನ್ನೇ ಕೇಳಬೇಕು. ಅಲ್ಲಿ ವೃತ್ತದ ನಿಯಮ ಆಮೇಲಿನದು. ನಮ್ಮಂಥ ಊರುಗಳ ಮೂಲೆ ಮೂಲೆಗೆ ದೀಪ ನೆಡಲಿಕ್ಕೂ ಆಗದು, ಪೊಲೀಸರನ್ನು ನಿಲ್ಲಿಸಲಿಕ್ಕೂ ಆಗದು. ಇಲ್ಲಿ ನಮಗೆ ನಾವೇ ಪೊಲೀಸರು.

ದಂಡದ ಮಾತೂ ಕೇಳಿರಿ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಚಾಲನಾ ನಿಯಮ ಮುರಿದರೆ 500ರಿಂದ 1000 ರೂಪಾಯಿವರೆಗೆ ದಂಡ ಎಂದು ಕಾಯಿದೆಯಲ್ಲಿದೆ. ಆಂಬುಲೆನ್ಸಿಗೆ, ಅಗ್ನಿಶಾಮಕ ಗಾಡಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಎರಡನ್ನೂ ಒಟ್ಟಿಗೆ ವಿಧಿಸಲೂಬಹುದು. ಆಂಬುಲೆನ್ಸ್ ಬಂದಾಗ ವೃತ್ತದ ಹಕ್ಕು ಗಿಕ್ಕು ಯಾವುದೂ ಇಲ್ಲ. ಮಗ್ಗುಲಿಗೆ ಸರಿಯಬೇಕು, ಅಷ್ಟೇ.

ಗಾಡಿ ಇಲ್ಲದವರಿಗೂ ಪಾಲಿದೆ

"ನಮ್ಮ ಕಡೆ ಗಾಡಿನ ಇಲ್ಲ, ನಮಗ್ಯಾಕ ಇದೆಲ್ಲಾ?" ಅನ್ನುವ ಅಂಗಡಿಕಾರರಿಗೂ ಬಸ್ ಪ್ರಯಾಣಿಕರಿಗೂ ಎರಡು ಮಾತು.

ಸಾಹುಕಾರರ, ಮೂಲೆಯ ಅಂಗಡಿಯ ಬೋರ್ಡು ರಸ್ತೆಗೆ ಬಂದರೆ ಹೊಳ್ಳುವವರಿಗೆ ಎದುರಿನವರು ಕಾಣುವುದಿಲ್ಲ. ಮಾಲು ಇಳಿಸುವ ಲಾರಿಯನ್ನು ವೃತ್ತದ ಬಾಯಲ್ಲೇ ನಿಲ್ಲಿಸಿದರೆ ಹಿಂದಿನ ಹತ್ತು ಗಾಡಿ ಉಲ್ಟಾ ಬಾಜೂಕಿನಿಂದ ನುಗ್ಗುತ್ತವೆ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸು ಮೂಲೆಗೇ ಬೇಕೆ? ಹಿಂದೆ ನಿಂತ ಸಾಲಿ ಹುಡುಗಿ ಡ್ರೈವರ್‌ಗೆ ಕಾಣಬೇಕಲ್ಲ!

ಬಸ್ಸಿನವರ, "ಇಲ್ಲೇ ಒಂದ ಸ್ವಲ್ಪ ಇಳಸ್ರಿ" ಅಂತ ಮೂಲೆಯಲ್ಲೇ ಬಾಗಿಲು ಬಡಿಯುತ್ತೀರಿ. ಡ್ರೈವರ್ ಒತ್ತಾಯಕ್ಕೆ ಬ್ರೇಕ್ ಹಾಕುತ್ತಾರೆ. ಹಿಂದಿನ ಮೋಟಾರ್ ಸೈಕಲ್ಲಿನವರು ಎಡಕ್ಕೆ ತೂರುತ್ತಾರೆ. ಇಳಿಯುವ ನಿಮ್ಮ ಕಾಲಿನ ಮೇಲೇ ಗಾಲಿ! ಐವತ್ತು ಹೆಜ್ಜೆ ನಡೆದರೆ ನಿಲ್ದಾಣ ಬರುತ್ತದೆ.

ಪುರಸಭೆಯವರಿಗೆ ನಮ್ಮ ವಿನಂತಿ ದೊಡ್ಡದಲ್ಲ. ರಸ್ತೆ ಕೂಡುವಲ್ಲಿ ಒಂದು ಬಿಳಿ ಪಟ್ಟಿ ಬಳಿಸಿರಿ, ಒಂದು ಫಲಕ ಹಾಕಿಸಿರಿ, ಮೂಲೆಗಳ ಫ್ಲೆಕ್ಸು ತೆಗೆಸಿರಿ. ಪೊಲೀಸರು ಕಬ್ಬಿನ ಸುಗ್ಗಿಗೆ ಮುಂಚೆ ಟ್ರ್ಯಾಕ್ಟರ್ ಡ್ರೈವರುಗಳನ್ನು ಕೂಡಿಸಿ ಒಂದು ತಾಸು ತಿಳಿಸಿ ಹೇಳಲಿ. ಸಂಬಂಧಪಟ್ಟವರು ಗಮನಿಸುವರೆ?

ಇದನ್ನು ಬರೆಯುವ ಮುಂಚೆ ಇಂದು ಮುಂಜಾನೆ ಮತ್ತೆ ಅದೇ ಮೂಲೆಗೆ ಹೋಗಿದ್ದೆ. ಹಾಲಿನ ಹಿರಿಯರು ಸೈಕಲ್ ಇಳಿದು, ಹ್ಯಾಂಡಲ್ ಹಿಡಿದು ನಿಂತಿದ್ದರು. ಒಂದು ಕಾರು ಎಡದೀಪ ಹಚ್ಚಿ ಬಂತು, ಎಡಕ್ಕೇ ಹೋಯಿತು. ಅದು ಪೂರಾ ಹೋಗುವ ತನಕ ಅವರು ಕದಲಲಿಲ್ಲ. "ಯಾಕ ಅಜ್ಜಾರ, ದೀಪ ತೋರಿಸಿದ್ರಲ್ಲ?" ಅಂದೆ.

"ತೋರಿಸಿದ್ರಪಾ. ಆದರ ಈಗ ನನಗ ದೀಪದ ಮ್ಯಾಲ ನಂಬಿಕಿ ಇಲ್ಲ. ಗಾಲಿ ನೋಡಿ ದಾಟ್ತೀನಿ" ಅಂದರು.

ಚೆಲ್ಲಿದ ಹಾಲಿನ ರೊಕ್ಕವನ್ನು ಹುಡುಗ ಅಂದೇ ಕೊಟ್ಟ. ಈ ನಂಬಿಕೆಯನ್ನು ಮರಳಿ ಕೊಡುವುದು ರಸ್ತೆಯಲ್ಲಿ ನಡೆಯುವ ನಮ್ಮೆಲ್ಲರ ಮೇಲಿದೆ. ನಾಳೆ ಮುಂಜಾನೆ ಗಾಡಿ ಚಾಲೂ ಮಾಡುವಾಗ ಮೊದಲು ದೀಪದ ಗುಂಡಿ ಒತ್ತಿ ನೋಡಿರಿ, ಉರಿಯುತ್ತದೋ ಇಲ್ಲವೋ. ಮೂಲೆ ಬಂದಾಗ ಬಲಕ್ಕೆ ನೋಡಿರಿ. ತೋರಿಸಿದ ಕಡೆಗೇ ಹೋಗಿರಿ.