ಹರಾಜಿಗೆ ಬಂದ ಎಲುಬುಗಳು

1990ರ ಆಗಸ್ಟಿನಲ್ಲಿ ಅಮೆರಿಕದ ದಕ್ಷಿಣ ಡಕೋಟದಲ್ಲಿ, ಕಡಿದಾದ ದಿಬ್ಬವೊಂದರ ಬುಡದಲ್ಲಿ ಉದುರಿದ್ದ ಎಲುಬಿನ ಚೂರುಗಳು ಸೂ ಹೆಂಡ್ರಿಕ್‌ಸನ್ ಎಂಬಾಕೆಯ ಕಣ್ಣಿಗೆ ಬಿದ್ದುವು. ಅಗೆದಾಗ ಸುಮಾರು 40 ಅಡಿ ಉದ್ದದ ಟೈರನೊಸಾರಸ್ ರೆಕ್ಸ್ ಹೊರಬಂದಿತು. ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಅಗೆದುದು ಪಳೆಯುಳಿಕೆಗಳ ವ್ಯಾಪಾರಸಂಸ್ಥೆ. ಜಮೀನಿನೊಡೆಯನಿಗೆ ಅದು ತೆತ್ತುದು 5,000 ಡಾಲರು. ಜಮೀನು ಸರ್ಕಾರದ ನ್ಯಾಸದಲ್ಲಿದ್ದುದರಿಂದ ಆ ವಿಕ್ರಯವು ಸಲ್ಲದೆಂದು ನ್ಯಾಯಾಲಯ ತೀರ್ಪಿತ್ತಿತು. ಸೂ ಒಡೆಯನ ಪಾಲಾಗಿ, 1997ರಲ್ಲಿ ಹರಾಜಿಗೆ ಬಂದಿತು. ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯವು 83 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಕೊಂಡಿತು.

ಖಾಸಗಿ ಜಮೀನಿನಲ್ಲಿ ಸಿಕ್ಕ ಪಳೆಯುಳಿಕೆ ಅಮೆರಿಕದಲ್ಲಿ ಒಡೆಯನ ಸೊತ್ತು, ಮಾರಲು ಅಡ್ಡಿಯಿಲ್ಲ. 2024ರಲ್ಲಿ ಒಂದು ಸ್ಟೆಗೊಸಾರಸ್ 4 ಕೋಟಿ 46 ಲಕ್ಷ ಡಾಲರಿಗೆ ಹೋಯಿತು. ಈ ಬೆಲೆಯೆದುರು ಯಾವ ವಸ್ತುಸಂಗ್ರಹಾಲಯ ತಾನೆ ನಿಂತೀತು? ಅಗೆಯದೆ ಬಿಟ್ಟರೆ ಮಳೆ ಹಿಮಗಳು ಎಲುಬನ್ನು ಪುಡಿಗುಟ್ಟುವುವೆಂದು ಸಂಗ್ರಾಹಕರು ವಾದಿಸುವರು. ಅದನ್ನು ನಾವು ಅಲ್ಲಗಳೆಯಲಾರೆವು. ಸೂವೂ ಹಾಗೆ ಉದುರತೊಡಗಿದ್ದುದೇ ಅಲ್ಲವೆ! ಆದರೆ ಒಬ್ಬನು ಅಳೆದುದನ್ನು ಮತ್ತೊಬ್ಬನು ಅಳೆದು ನೋಡಲಾಗದಿದ್ದರೆ ಅದು ವಿಜ್ಞಾನವೆನಿಸದು. ಧನಿಕನ ಹಜಾರದಲ್ಲಿ ನಿಂತ ಅಸ್ಥಿಪಂಜರಕ್ಕೆ ಈ ಭರವಸೆಯಿಲ್ಲ. ಸೂವಿನ ಎಲುಬುಗಳಲ್ಲಿ ವರ್ಷವರ್ಷವೂ ಮೂಡಿದ್ದ ಬೆಳವಣಿಗೆಯ ಗೆರೆಗಳನ್ನೆಣಿಸಿ, ಅದು 28 ವರ್ಷ ಬದುಕಿತೆಂದು 2004ರಲ್ಲಿ ಹೇಳಿದರು. 2020ರಲ್ಲಿ ಬೇರೆ ವಿಜ್ಞಾನಿಗಳು ಅದರ ತೊಡೆಯೆಲುಬನ್ನು ಪರೀಕ್ಷಿಸಿ, ವಯಸ್ಸು 30ನ್ನು ದಾಟಿರಬಹುದೆಂದರು.